ಹಿಕ್ಕೆಯ ಸಾಕ್ಷಿ

"ಗಾಯರಾಣ ಎಲ್ಲೈತಿ ತೋರಸಲೇ, ಸೂಳೆಮಗನ! ಕಣ್ಣಾಗ ಹೂವು ಬಿದ್ದಾವೇನು? ಎದಿಮಟ ಸಜ್ಜಿ ನಿಂತೈತಿ!"

ಶಂಕರೆಪ್ಪ ಪಾಟೀಲ ಬೆತ್ತದ ತುದಿಯಿಂದ ಬೀರದೇವನ ರುಮಾಲು ಕೆಡವಿದ. ತಾಲೂಕಿನಿಂದ ಬಂದ ಸಾಹೇಬ ನಕ್ಕ. ಬೀರದೇವ ಬಗ್ಗಿ ರುಮಾಲು ಎತ್ತಿಕೊಂಡ, ತಲೆಗೆ ಸುತ್ತಲಿಲ್ಲ. ನಾವು ಕುರುಬರೆಲ್ಲ ಹಿಂಡನ್ನು ಬೇಲಿಯ ಹೊರಗೆ ಬಿಟ್ಟು ನೋಡುತ್ತ ನಿಂತಿದ್ದೆವು.

ಗಾಯರಾಣವೆಂದರೆ ಊರ ದನ, ಕುರಿ ಮೇಯಲೆಂದು ಜತ್ತ ಸಂಸ್ಥಾನದ ಕಾಲದಿಂದ ಬಿಟ್ಟ ಹುಲ್ಲುಗಾವಲು. ಸಂಸ್ಥಾನ ಹೋಯಿತು, ಸರಕಾರ ಬಂತು; ಪಾಟೀಲ ಮಾತ್ರ ಪಾಟೀಲನಾಗಿಯೇ ಉಳಿದ. ಹೋದ ವರ್ಷ ಅದಕ್ಕೆ ನೇಗಿಲು ಹೂಡಿದ. ಉಮದಿಯಿಂದ ತಿಕೋಂಡಿಯವರೆಗೆ ಅಲೆದರೂ ನಮ್ಮ ಕುರಿಗೆ ಬೇರೆ ಹುಲ್ಲಿಲ್ಲ. ಅರ್ಜಿ ಕೊಟ್ಟು ಕೊಟ್ಟು ಕಾಲು ಸೋತ ಮೇಲೆ ಈ ಸಾಹೇಬ ಬಂದಿದ್ದ.

ಸಾಹೇಬ ಬೂಟಿನಿಂದ ಮಣ್ಣು ಕೆದರಿದ. ಕುರಿ ಹಿಕ್ಕೆ ಮೇಲೆ ಬಂತು.

"ಇಲ್ಲಿ ಕುರಿ ತರಬಿದಾಂವ ಯಾರು?"

"ನಾನರಿ," ಅಂದ ಬೀರದೇವ. "ಬ್ಯಾಸಗ್ಯಾಗ ಪಾಟೀಲರು ಕರದಿದ್ರರಿ. ಕಾಳು ಕೊಟ್ರು."

"ನೀವು ಗೊಬ್ಬರಕ್ಕ ಕುರಿ ತರಬೂದು ಹೊಲದಾಗೋ, ಗಾಯರಾಣದಾಗೋ?"

ರೈತ ಕರೆದಲ್ಲಿ ರಾತ್ರಿ ಕುರಿ ತರುಬಿ ಕೂಡಿಹಾಕುವುದು, ಅವನು ಕೊಟ್ಟ ಕಾಳು ಉಣ್ಣುವುದು ನಮ್ಮ ಹಿರಿಯರಿಂದ ಬಂದದ್ದು. ನೆಲ ಯಾರದೆಂದು ಹಸಿದ ಹೊಟ್ಟೆ ಕೇಳುವುದಿಲ್ಲ. ಬೀರದೇವನಿಗೋ ಸುಳ್ಳು ಹೇಳಲು ಬರುವುದಿಲ್ಲ, ಹಾಳಾದವನು.

"ಹೊಲದಾಗರಿ."

"ಮತ್ತ ಮುಗೀತಲ್ಲ! ನಿಮ್ಮ ಕುರಿನ ಸಾಕ್ಷಿ ಹೇಳ್ಯಾವು. ಇದು ಪಾಟೀಲರ ಹೊಲ."

ಇಬ್ಬರೂ ಪಾಟೀಲನ ಮನೆಗೆ ಹೋಳಿಗೆ ಊಟಕ್ಕೆ ಹೋದರು. ನಾವು ಬದುವಿನ ಮೇಲೆ ಕುಸಿದೆವು.

ಬೀರದೇವನ ಹೆಂಡತಿ ಯಮನವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. ಬೇಲಿಯ ಮುಳ್ಳು ಕಂಟಿಯನ್ನು ಬರಿಗೈಯಿಂದ ಎಳೆದು ಪಕ್ಕಕ್ಕೆ ಹಾಕಿದಳು.

"ಏನ ಮಾಡ್ತೀಯೇ?" ಅಂದ ಬೀರದೇವ.

"ಹಿಕ್ಕಿ ಹಾಕಿದ್ದು ನಮ್ಮ ಕುರಿ. ಬೆಳಿನೂ ಅವೇ ತಿನ್ಲಿ."

ಅವಳು ಹುರ್ರ್ ಎಂದಳು. ಹಸಿದ ಹಿಂಡು ಸಜ್ಜೆಯೊಳಗೆ ನುಗ್ಗಿತು.

ಪಾಟೀಲನ ಆಳುಗಳು ಬಡಿಗೆ ಹಿಡಿದು ಓಡಿ ಬಂದರು. ಬೀರದೇವ ಹೆಗಲ ಕಂಬಳಿಯನ್ನು ಬೇಲಿಯ ಬಾಯಿಗೆ ಅಡ್ಡ ಹಾಸಿದ, ರುಮಾಲು ತಲೆಗೆ ಸುತ್ತಿಕೊಂಡು ಅದರ ಮೇಲೆ ಕುಳಿತ.

"ಏಳಲೇ, ಹಾದಿ ಬಿಡು!"

"ಏಳಾಕ ಆಗೂದಿಲ್ಲಪಾ," ಅಂದ. "ಭಾಳ ದಣದೀನಿ."

ನಾವೂ ಒಬ್ಬೊಬ್ಬರಾಗಿ ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತೆವು. ಮೊದಲ ಬಡಿಗೆ ಮೇಲೆದ್ದಿತು. ಹಿಂದೆ ಕುರಿಗಳು ಮೇಯುವ ಸದ್ದು ಕೇಳುತ್ತಲೇ ಇತ್ತು.