ಹಲಗೆಯ ಬಲಮೂಲೆ

ಶಂಭಣ್ಣನನ್ನು ಕಂಡರೆ ರಮಿತಾಳಿಗೆ ಆಗುತ್ತಿರಲಿಲ್ಲ. ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡ ಸಂಘದ ಸಭೆಯಲ್ಲಿ ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ‘ನಮ್ಮ ಭಾಷೆ, ನಮ್ಮ ಜನ’ ಎಂದು ಶುರು ಹಚ್ಚಿಕೊಂಡರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ‘ನಮ್ಮ’ ಎಂಬುದರೊಳಗೆ ತನ್ನ ಅಪ್ಪ ಇಲ್ಲ ಎಂಬುದು ಅವಳಿಗೆ ಎಂಟನೇ ವಯಸ್ಸಿನಲ್ಲೇ ಗೊತ್ತಾಗಿತ್ತು.

ಅವಳ ಅಪ್ಪ ಚನಿಯ ಬೋರ್ಡು ಬರೆಯುವವನು. ಕಲ್ಯಾಣದಿಂದ ಠಾಣೆಯವರೆಗೆ ಉಡುಪಿ ಕಡೆಯವರ ಹೋಟೆಲುಗಳಲ್ಲಿ ಮರಾಠಿ ಹೆಸರಿನ ಕೆಳಗೆ ಕನ್ನಡದಲ್ಲೂ ಒಂದು ಸಾಲು ಇದ್ದರೆ, ಅದು ಮುಕ್ಕಾಲು ಪಾಲು ಅವನ ಕೈಯದ್ದೇ. ಬೋರ್ಡು ಬರೆಯುವವರಲ್ಲಿ ಒಂದು ಪದ್ಧತಿ ಉಂಟು. ಕೆಲಸವೆಲ್ಲ ಮುಗಿದ ಮೇಲೆ ಹಲಗೆಯ ಬಲಮೂಲೆಯಲ್ಲಿ, ಕೆಳಗೆ, ಸಣ್ಣ ಅಕ್ಷರದಲ್ಲಿ ತಮ್ಮ ಹೆಸರು ಬರೆಯುವುದು. ಮುಂದಿನ ಕೆಲಸ ಹುಡುಕಿಕೊಂಡು ಬರುವುದು ಆ ಮೂಲೆಯಿಂದಲೇ.

ಎಂಬತ್ತೊಂಬತ್ತರಲ್ಲಿ ಶಂಭಣ್ಣ ಠಾಣೆ ರೈಲ್ವೆ ಸ್ಟೇಷನ್ನಿನ ಹೊರಗೆ ‘ಸ್ವರ್ಣಪ್ರಸಾದ’ ಎಂದು ಹೋಟೆಲು ತೆರೆದ. ಹೆಂಡತಿ ಸ್ವರ್ಣಲತಾಳ ಹೆಸರು. ಚನಿಯ ನಾಲ್ಕು ದಿನ ಏಣಿಯ ಮೇಲೆ ನಿಂತು ಬೋರ್ಡು ಬರೆದ. ಕೊನೆಯ ದಿನ ಅವನ ಹೆಂಡತಿ ಅಪ್ಪಿ ಮಗಳನ್ನು ಕರೆದುಕೊಂಡು ಬುತ್ತಿ ತಂದಿದ್ದಳು. ಅಪ್ಪ ಮೂಲೆಯಲ್ಲಿ ಹೆಸರು ಬರೆದು ಕೆಳಗಿಳಿದ. ಶಂಭಣ್ಣ ಒಳಗಿನಿಂದ ಬಂದು, ಕತ್ತೆತ್ತಿ ನೋಡಿ, ಸೀಮೆಎಣ್ಣೆಯ ಬಟ್ಟೆ ಹಿಡಿದು ತಾನೇ ಏಣಿ ಹತ್ತಿದ.

“ಊರಿನವರು ಊಟಕ್ಕೆ ಬರುವ ಜಾಗ ಮಾರಾಯ ಇದು,” ಎಂದ, ಒರೆಸುತ್ತಲೇ. “ಈ ಹೆಸರು ಓದಿದ ಮೇಲೆ ಒಳಗೆ ಕಾಲಿಡುವವರು ಎಷ್ಟು ಜನ, ನೀನೇ ಹೇಳು.”

ಚನಿಯ ಎಂಬ ಹೆಸರು ಕೇಳಿದರೆ ಊರಿನವರಿಗೆ ಜಾತಿ ಬೇರೆ ಕೇಳಬೇಕಾಗಿಲ್ಲ. ಅಪ್ಪ ಬ್ರಷ್ಷುಗಳನ್ನು ಡಬ್ಬಿಯಲ್ಲಿ ತೊಳೆದ. ಅಂದಿನಿಂದ ಅವನು ಯಾವ ಬೋರ್ಡಿಗೂ ಸಹಿ ಹಾಕಲಿಲ್ಲ. ರಮಿತಾ ಮಾತ್ರ ಆ ಬಟ್ಟೆಯನ್ನು ಮರೆಯಲಿಲ್ಲ.

ಕಾಲ ಕಳೆಯಿತು. ಫ್ಲೆಕ್ಸು ಬಂತು, ಹಲಗೆಗಳು ಗುಜರಿಗೆ ಹೋದವು, ಚನಿಯ ಮನೆಯಲ್ಲಿ ಕೂತ. ರಮಿತಾ ವಾಗ್ಳೆ ಎಸ್ಟೇಟಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಹಿಡಿದಳು. ಅಲ್ಲಿ ಅವಳಿಗೆ ಫಾಂಟ್‌ಫೋರ್ಜ್ ಎಂಬ ಸಾಫ್ಟ್‌ವೇರ್ ಸಿಕ್ಕಿತು. ಕಂಪ್ಯೂಟರಿಗೆ ಅಕ್ಷರ ಮಾಡುವ, ಇದ್ದ ಅಕ್ಷರವನ್ನು ತಿದ್ದುವ ಸಾಫ್ಟ್‌ವೇರ್, ಪೂರ್ತಿ ಪುಕ್ಕಟೆ. ನೋಡಲಿಕ್ಕೆ ಅಷ್ಟೇನೂ ಚೆಂದವಿಲ್ಲ, ಆದರೆ ಕೆಲಸಕ್ಕೆ ಗಟ್ಟಿ. ಅವಳು ಅಪ್ಪನ ಉಳಿದ ಬೋರ್ಡುಗಳ ಫೋಟೋ ಹಿಡಿದು, ಪರದೆಯ ಮೇಲೆ ಒಂದೊಂದೇ ಅಕ್ಷರದ ಅಂಚಿಗೆ ಚುಕ್ಕಿಯಿಟ್ಟು, ಗೆರೆ ಎಳೆದಳು. ಎರಡು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋದವು. ಅಪ್ಪ ಪಕ್ಕದಲ್ಲಿ ಕೂತು, “ಆ ತಲೆಕಟ್ಟು ಬಲಕ್ಕೆ ಒಂಚೂರು ಏಳಬೇಕು ಮಗಾ,” ಎನ್ನುತ್ತಿದ್ದ. ಫಾಂಟಿಗೆ ಅವಳು ಇಟ್ಟ ಹೆಸರು ‘ಚನಿಯ’. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು. ಮಾಡಿದವರ ಹೆಸರನ್ನು ಮಾತ್ರ ಅಳಿಸಬಾರದು ಎಂದು ಷರತ್ತು ಬರೆದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಅದನ್ನು ಸಂಘದಲ್ಲಿ ಬಿಡುಗಡೆ ಮಾಡುವ ಮಾತು ಬಂತು. ಅಧ್ಯಕ್ಷ ಶಂಭಣ್ಣನೇ. ಅವನ ಹೋಟೆಲಿಗೆ ಇಪ್ಪತ್ತೈದು ವರ್ಷ ತುಂಬಿತ್ತು, ಹಳೆಯ ಹಲಗೆಗೆ ಗೆದ್ದಲು ಹಿಡಿದಿತ್ತು, ಹೊಸ ಫ್ಲೆಕ್ಸಿನಲ್ಲೂ ಅದೇ ಅಕ್ಷರ ಇರಬೇಕೆಂದು ಅವನಿಗೆ ಆಸೆ. ಗಿರಾಕಿಗಳು ಗುರುತು ಹಿಡಿಯುವುದು ಅದರಿಂದಲೇ ತಾನೇ.

“ಫಾಂಟಿಗೆ ಇದೆಂತ ಹೆಸರು?” ಎಂದ ಸಭೆಯಲ್ಲಿ. “ಸ್ವರ್ಣ ಅಂತ ಇಡುವ. ಕೇಳಲಿಕ್ಕೂ ಲಕ್ಷಣ.”

“ಅದು ನನ್ನ ಅಪ್ಪನ ಕೈ. ಅಪ್ಪನ ಹೆಸರೇ ಇರ್ತದೆ,” ಎಂದಳು ರಮಿತಾ.

“ಹಲಗೆ ನನ್ನದು, ಬಣ್ಣ ನನ್ನದು. ಅವನು ಬರೆದ, ಕೂಲಿ ತಗೊಂಡ. ಅಲ್ಲಿಗೆ ಮುಗೀತಲ್ಲ.”

ಚನಿಯ ಹಿಂದಿನ ಸಾಲಿನಲ್ಲೇ ಕೂತಿದ್ದ. ಶಂಭಣ್ಣ ಅತ್ತ ತಿರುಗಿಯೂ ನೋಡಲಿಲ್ಲ. ಕಾರ್ಯದರ್ಶಿ ಲೋಕನಾಥ ತನ್ನ ಚಹಾದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತಿದ್ದ. ಇಂಥ ಹೊತ್ತಿನಲ್ಲಿ ಸಂಘದವರಿಗೆಲ್ಲ ಒಟ್ಟಿಗೇ ಕಿವಿ ಮಂದವಾಗುತ್ತದೆ.

“ನೀನು ಒಪ್ಪದಿದ್ದರೂ ಅಡ್ಡಿಯಿಲ್ಲ,” ಎಂದು ಶಂಭಣ್ಣ ನಕ್ಕ. “ಪುಕ್ಕಟೆ ಅಂತ ನೀನೇ ಬರೆದದ್ದಲ್ಲವಾ? ನನ್ನ ಮಗ ಸುಜನ್ ಕಂಪ್ಯೂಟರ್ ಓದಿದವ. ಹತ್ತು ನಿಮಿಷದಲ್ಲಿ ಆ ಹೆಸರು ತೆಗೆದು ಬಿಸಾಡ್ತಾನೆ.”

ರಮಿತಾ ಅಪ್ಪನ ಮುಖ ನೋಡಿದಳು. ಇಪ್ಪತ್ತೈದು ವರ್ಷದ ಹಿಂದೆ ಬ್ರಷ್ಷು ತೊಳೆಯುವಾಗ ಇದ್ದ ಅದೇ ಮುಖ. ಅವಳಿಗೆ ದುಃಖವಾಗಲಿಲ್ಲ, ಕಡುಕೋಪ ಬಂತು. ಅಪ್ಪನ ಹೆಸರು ಬೇರೆಲ್ಲೂ ಇಲ್ಲದಿದ್ದರೂ ಸರಿ, ಈ ಮನುಷ್ಯನ ಬೋರ್ಡಿನ ಮೇಲೆ ಕೂರಬೇಕು ಎಂದು ಅಲ್ಲೇ ನಿಶ್ಚಯಿಸಿದಳು.

ಕನ್ನಡದ ಫಾಂಟು ಮಾಡುವಾಗ ಅಕ್ಷರ ಬರೆದರೆ ಸಾಲದು, ನಿಯಮವನ್ನೂ ಬರೆಯಬೇಕು. ಇಂಥ ಅಕ್ಷರದ ಜೊತೆ ಇಂಥದ್ದು ಬಂದರೆ ಬೇರೆ ಆಕೃತಿ ತೋರಿಸು ಎಂದು ಹೇಳಿಕೊಡಬೇಕು. ರಮಿತಾ ಇನ್ನೊಂದು ನಿಯಮ ಸೇರಿಸಿದಳು. ಯಾರಾದರೂ ‘ಸ್ವರ್ಣಪ್ರಸಾದ’ ಎಂದು ಟೈಪ್ ಮಾಡಿದರೆ, ಕೊನೆಯಲ್ಲಿ ಎಂದಿನ ದ ಬದಲು ಇನ್ನೊಂದು ದ ಬರಬೇಕು. ಆ ದ ಅಕ್ಷರದ ಬಲಗಡೆ, ಕೆಳಗೆ, ಸಣ್ಣದಾಗಿ ‘ಚನಿಯ’ ಎಂದಿರಬೇಕು. ಅದನ್ನು ಅವಳು ಅಪ್ಪನ ಹಳೆಯದೊಂದು ಸಹಿ ನೋಡಿಯೇ ಬರೆದಳು. ಆಮೇಲೆ ಫಾಂಟನ್ನು ಇಂಟರ್‌ನೆಟ್ಟಿಗೆ ಹಾಕಿದಳು. ಅಪ್ಪನಿಗೆ ಹೇಳಲಿಲ್ಲ.

ಇನ್ನು ಅವಳಿಗೆ ಒಂದೇ ಭಯ, ಬೋರ್ಡು ಏರುವ ಮೊದಲೇ ಯಾರಾದರೂ ಓದಿಬಿಟ್ಟರೆ?

ಸುಜನ್ ಮೊದಲು ಕೈಹಾಕಿದ. ಠಾಣೆಯಲ್ಲೇ ಹುಟ್ಟಿದವನು; ಮನೆಯಲ್ಲಿ ತುಳು, ಗೆಳೆಯರೊಡನೆ ಮರಾಠಿ. ಅವನಿಗೆ ಕನ್ನಡ ಅಕ್ಷರವೂ ಜಿಲೇಬಿಯೂ ಒಂದೇ, ತಿನ್ನಲು ಬರುವುದು ಎರಡನೆಯದು ಮಾತ್ರ. ಅದೇ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಫಾಂಟು ತೆರೆದು, ಇಂಗ್ಲಿಷಿನಲ್ಲಿ ಹೆಸರು ಕಂಡಲ್ಲೆಲ್ಲ ಅಳಿಸಿ ‘ಸ್ವರ್ಣ’ ಎಂದು ಹಾಕಿದ. ಆರುನೂರು ಆಕೃತಿಗಳ ನಡುವೆ ಒಂದು ದ ಅಕ್ಷರಕ್ಕೆ ಬಾಲ ಇದ್ದದ್ದು ಅವನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಎರಡನೆಯವನು ಫ್ಲೆಕ್ಸಿನವನು. ಅವನ ಅಂಗಡಿ ರಮಿತಾಳ ಪ್ರೆಸ್ಸಿನ ಪಕ್ಕದಲ್ಲೇ, ಆದ್ದರಿಂದ ಈ ಸಂಗತಿ ಅವಳಿಗೆ ಆಮೇಲೆ ಅವನ ಬಾಯಿಂದಲೇ ತಿಳಿಯಿತು. “ಯೇ ನೀಚೇ ಛೋಟಾ ಛೋಟಾ ಕ್ಯಾ ಹೈ?” ಎಂದು ಅವನು ದ ಅಕ್ಷರದ ಕೆಳಗಿನ ಸಣ್ಣದನ್ನು ತೋರಿಸಿ ಕೇಳಿದ್ದನಂತೆ. “ಕನ್ನಡ ಮೇ ನೀಚೇ ಕುಛ್ ನಾ ಕುಛ್ ಲಟಕ್‌ತಾ ರಹತಾ ಹೈ. ರಹನೇ ದೇ,” ಎಂದನಂತೆ ಸುಜನ್; ಕನ್ನಡದಲ್ಲಿ ಕೆಳಗೆ ಏನಾದರೊಂದು ನೇತಾಡುತ್ತಲೇ ಇರುತ್ತದೆ, ಇರಲಿ ಬಿಡು ಎಂದು.

ಮೂರನೆಯವನು ಶಂಭಣ್ಣನೇ. ಗಲ್ಲಾದಲ್ಲಿ ಕೂತು, ಕನ್ನಡಕ ಹಾಕದೆ, ಮಗನ ಮೊಬೈಲನ್ನು ದೂರಕ್ಕೆ ಹಿಡಿದು ನೋಡಿ, “ಅಕ್ಷರ ಹಾಗೇ ಉಂಟು, ಹಾಕಿಸು,” ಎಂದುಬಿಟ್ಟ.

ಶನಿವಾರ ಬೆಳಿಗ್ಗೆ ಇಪ್ಪತ್ತಡಿ ಫ್ಲೆಕ್ಸು ಏರಿತು. ಹತ್ತು ಗಂಟೆಗೆ ದಿನಾ ಕಾಫಿಗೆ ಬರುವ ಹಯಗ್ರೀವ, ರೈಲ್ವೆಯಿಂದ ನಿವೃತ್ತನಾದವನು, ಬಾಗಿಲಲ್ಲೇ ನಿಂತು ಕತ್ತೆತ್ತಿ ಓದಿದ.

“ಒಳ್ಳೇದಾಯ್ತು ಶಂಭಣ್ಣ,” ಎಂದ, ಹೋಟೆಲಿಗೆಲ್ಲ ಕೇಳುವಂತೆ. “ಚನಿಯನ ಕೈಲೇ ಬರೆಸಿದ್ದಲ್ಲದೆ ಹೆಸರೂ ಹಾಕಿಸಿದ್ದೀರಿ.”

ಐದು ನಿಮಿಷದಲ್ಲಿ ರಮಿತಾಳ ಫೋನು ಬಡಿದುಕೊಂಡಿತು.

“ಏನು ಮಾಡಿದ್ದೀ ನೀನು? ತೆಗೆ ಅದನ್ನು.”

“ಯಾವುದನ್ನು ಶಂಭಣ್ಣ?”

“ಆ ಹೆಸರು.”

“ಯಾವ ಹೆಸರು? ನಿಮ್ಮ ಬಾಯಲ್ಲೇ ಹೇಳಿ.”

ಹೆಸರು ಹೇಳುವ ಬದಲು ಶಂಭಣ್ಣ, ಸಂಘದಿಂದ ಹೊರಗೆ ಹಾಕುತ್ತೇನೆ, ಪ್ರೆಸ್ಸಿನ ಮಾಲೀಕನಿಗೆ ಹೇಳುತ್ತೇನೆ ಎಂದೆಲ್ಲ ಕೂಗಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು.

“ಸಾಫ್ಟ್‌ವೇರ್ ಪುಕ್ಕಟೆ ಉಂಟು,” ಎಂದಳು. “ಸುಜನನಿಗೆ ಹೇಳಿ. ಹತ್ತು ನಿಮಿಷದ ಕೆಲಸ.”

ಅರ್ಧ ದಿನ ರಜೆ ಹಾಕಿ ಡೊಂಬಿವಲಿಗೆ ಹೋಗಿ ಅಪ್ಪನನ್ನು ಹೊರಡಿಸಿದಳು. ಎಲ್ಲಿಗೆ ಎಂದು ಅವನು ಕೇಳಿದರೂ ಹೇಳಲಿಲ್ಲ. ಠಾಣೆಯಲ್ಲಿ ಇಳಿದು, ಹೋಟೆಲಿನ ಎದುರಿನ ಬಸ್‌ಸ್ಟಾಪಿನಲ್ಲಿ ನಿಲ್ಲಿಸಿದಳು. ಅಪ್ಪ ಕಣ್ಣು ಕಿರಿದು ಮಾಡಿ ಎಡದಿಂದ ಬಲಕ್ಕೆ ಓದಿದ. ಮೂಲೆಗೆ ಬಂದಾಗ ಅವನ ಕೈ ಅವಳ ಭುಜ ಹಿಡಿಯಿತು.

ಅಷ್ಟರಲ್ಲಿ ಶಂಭಣ್ಣ ಏಣಿ ತರಿಸಿದ್ದ. ಈ ಸಲವೂ ತಾನೇ ಹತ್ತಿದ, ಕೈಯಲ್ಲಿ ಥಿನ್ನರ್ ಬಟ್ಟೆ. ಒರೆಸಿದ. ಸಣ್ಣ ಹೆಸರು ಕಲಸಿತು, ಜೊತೆಗೆ ದ ಅಕ್ಷರವೂ ಕಲಸಿ ಕೆಂಪು ನೀರು ಕೆಳಕ್ಕಿಳಿಯಿತು. ಇನ್ನೂ ಜೋರಾಗಿ ಉಜ್ಜಿದ. ಪಕ್ಕದ ಸಾ ಕೂಡ ಹೋಯಿತು. ಫುಟ್‌ಪಾತಿನಲ್ಲಿ ಜನ ಸೇರಿದರು. ಏನಾಯಿತು, ಏನನ್ನು ಒರೆಸುತ್ತಿದ್ದಾರೆ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಹಯಗ್ರೀವ ಬಿಡಿಸಿ ಬಿಡಿಸಿ ಹೇಳುತ್ತಿದ್ದ.

ಚನಿಯ ರಸ್ತೆ ದಾಟಿದ. ರಮಿತಾ ಹಿಂದೆಯೇ ಓಡಿದಳು. ಅವನು ಏಣಿಯ ಬುಡದಲ್ಲಿ ನಿಂತು ಮೇಲಕ್ಕೆ ನೋಡಿದ. ಇಷ್ಟು ವರ್ಷ ಈ ಮನುಷ್ಯನನ್ನು ಅವನು ‘ಧಣಿ’ ಎಂದೇ ಕರೆದದ್ದು.

“ಶಂಭು,” ಎಂದ. “ಥಿನ್ನರಿಗೆ ಅಕ್ಷರವೇ ಹೋಗ್ತದೆ. ಸೀಮೆಎಣ್ಣೆ ತಗೋ. ನಿನಗೆ ಅಭ್ಯಾಸ ಉಂಟಲ್ಲ.”