ದ್ಯಾಮವ್ವನ ಗದ್ದದ ಹಚ್ಚೆ

“ಇಕಿ ನಮ್ಮವ್ವ ಅಲ್ಲ, ದಾವಲಣ್ಣ.”

ಹೀಗೆಂದು ಕಳಕವ್ವ ಚೌಕಟ್ಟು ಹಾಕಿಸಿದ್ದ ಫೋಟೋವನ್ನು ಕೌಂಟರಿನ ಮೇಲೆ ಬೋರಲಾಗಿ ಇಟ್ಟಳು. ಹೆತ್ತ ತಾಯಿಯ ಫೋಟೋವನ್ನು ಯಾರೂ ಹಾಗೆ ಮುಖ ಕೆಳಗೆ ಮಾಡಿ ಇಡುವುದಿಲ್ಲ.

“ಅಲ್ಲ ಅಂದ್ರ ಹೆಂಗವಾ? ನೀನ ತಂದು ಕೊಟ್ಟದ್ದಲ್ಲೇನು?” ಎಂದರು ಸ್ಟುಡಿಯೋದ ಯಜಮಾನರಾದ ದಾವಲಸಾಬರು.

“ಕೊಟ್ಟದ್ದು ಅವ್ವನ್ನ. ತಿರುಗಿ ಬಂದಾಕಿ ಯಾರೋ ಏನೋ.”

ಮೂಲೆಯಲ್ಲಿದ್ದ ನನಗೆ ಈ ಮಾತು ಕೇಳಿಸಿತು. ನನ್ನ ಮೇಲೆ ಹಳೆಯ ಪರದೆಯ ಬಟ್ಟೆ ಹೊದಿಸಿದ್ದರು. ಆ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಕಾರಂಜಿ, ಎರಡು ನವಿಲು. ಅದರ ಮುಂದೆ ನಿಂತು ಗಜೇಂದ್ರಗಡದ ಅರ್ಧ ಊರು ಫೋಟೋ ತೆಗೆಸಿಕೊಂಡಿದೆ. ಈಗ ಅದು ನನಗೆ ಧೂಳು ತಡೆಯುವ ಹೊದಿಕೆ. ಇರಲಿ. ಕಳಕವ್ವ ಯಾಕೆ ಹಾಗೆಂದಳು ಅನ್ನುವುದಕ್ಕಿಂತ ಮೊದಲು ನಾನು ಯಾರೆಂದು ಹೇಳಬೇಕಲ್ಲ.

ನಾನು ಒಂದು ಕಂಪ್ಯೂಟರು. ಹುಬ್ಬಳ್ಳಿಯ ಒಂದು ಮಹಡಿ ಅಂಗಡಿಯಲ್ಲಿ ಹುಟ್ಟಿದೆ. ನನ್ನ ಮಿದುಳು ಒಂದು ಡಬ್ಬಿಯಿಂದ ಬಂತು, ಉಸಿರಾಡುವ ಫ್ಯಾನು ಇನ್ನೊಂದರಿಂದ, ನೆನಪು ಮತ್ತೊಂದರಿಂದ. ನೆನಪು ಎಂದರೆ ಅಂಗೈಯಗಲದ ಲೋಹದ ಪೆಟ್ಟಿಗೆ, ಅಷ್ಟೇ. ಅದರೊಳಗೆ ಎಷ್ಟು ಜನ ಬಂದು ಕೂರಲಿದ್ದಾರೆ ಎಂದು ನನ್ನನ್ನು ಜೋಡಿಸಿದವನಿಗೂ ಗೊತ್ತಿರಲಿಲ್ಲ. ದಾವಲಸಾಬರು ನನ್ನನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಊರತನಕ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಟಾಪಿನ ಮೇಲೆ ಹಾಕಿ ಎಂದ ಕಂಡಕ್ಟರನಿಗೆ, “ಕೂಸಿನ್ನ ಯಾರರ ಟಾಪಿನ ಮ್ಯಾಲ ಹಾಕ್ತಾರೇನೋ ಮಾರಾಯಾ?” ಎಂದು ಬೈದರು.

ಫೋಟೋ ತಿದ್ದುವ ಸಾಫ್ಟ್‌ವೇರು ನನ್ನೊಳಗೆ ಬಂದದ್ದು ಆಮೇಲೆ. ಅದು ನನ್ನ ಬಾಡಿಗೆದಾರನೋ, ನಾನು ಅದರ ಬಾಡಿಗೆಮನೆಯೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ. ಅದರ ಮಾತೆಲ್ಲ ಇಂಗ್ಲಿಷು. ದಾವಲಸಾಬರಿಗೆ ಇಂಗ್ಲಿಷು ಬಾರದು. ಅವರು ಅದನ್ನು ಓದಿ ಕಲಿಯಲಿಲ್ಲ, ಜಾಗ ಗುರುತಿಟ್ಟುಕೊಂಡು ಕಲಿತರು. ಮೇಲಿನ ಸಾಲಿನಲ್ಲಿ ಮೂರನೆಯದು ಒತ್ತಿ ಕೆಳಗಿಳಿದರೆ ಬೆಳಕು, ಅದರ ಪಕ್ಕದ್ದು ಬಣ್ಣ. ಕತ್ತಲಲ್ಲಿ ಸ್ವಂತ ಮನೆಯ ಅಡುಗೆಮನೆಗೆ ನಡೆದು ಹೋಗುವವರ ಹಾಗೆ ಅವರ ಬೆರಳು ಓಡಾಡುತ್ತಿತ್ತು. ಆದರೆ ಸಾಫ್ಟ್‌ವೇರಿಗೆ ಒಂದು ಚಾಳಿ. ಆಗಾಗ ತಾನು ಸುಧಾರಿಸಿದ್ದೇನೆ ಎಂದು ಹೇಳಿಕೊಂಡು ಬಂದು, ಬಾಗಿಲು ಇದ್ದಲ್ಲಿ ಗೋಡೆ ಕಟ್ಟಿ, ಗೋಡೆ ಇದ್ದಲ್ಲಿ ಬಾಗಿಲು ಮಾಡಿ ಹೋಗುತ್ತಿತ್ತು. ಆ ದಿನ ಇಡೀ ಹೊತ್ತು ಅವರು ಬೆಳಕು ಹುಡುಕುತ್ತ ಕೂರಬೇಕು.

ಇನ್ನೂ ಏನೇನೋ ತಾಪತ್ರಯ. ಲಗ್ನದ ಹಂಗಾಮಿನಲ್ಲಿ ಆಲ್ಬಮ್ ತೆರೆದರೆ ನಡುವೆಯೇ ನಿಂತುಬಿಡುವುದು. ನನ್ನ ಪರದೆ ಬಿಳಿಚಿಕೊಳ್ಳುತ್ತಿತ್ತು, ಬಾಣದ ಗುರುತು ಚಕ್ರವಾಗಿ ಸುತ್ತುತ್ತಿತ್ತು. ಇಡೀ ಬೆಳಗಿನ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂದು ದಾವಲಸಾಬರು ಉಸಿರು ಬಿಗಿಹಿಡಿದು ಕೂರುವರು. “ಕಲ್ಲಿನ್ಯಾಗ ಕೆತ್ತಿದ್ರೂ ಇಷ್ಟೊತ್ತಿಗೆ ಮುಗೀತಿತ್ತಲ್ಲೋ!” ಕನ್ನಡದಲ್ಲಿ ಮದುಮಕ್ಕಳ ಹೆಸರು ಬರೆದರೆ ಒತ್ತಕ್ಷರಗಳು ಜಾರಿ ಪಕ್ಕಕ್ಕೆ ಬೀಳುತ್ತಿದ್ದವು, ಮುರಿದ ಹಲ್ಲಿನ ಹಾಗೆ.

ಒಂದು ಗುಣ ಮಾತ್ರ ಅವರಿಗೆ ಇಷ್ಟವಾಗಿತ್ತು. ಕೆಲಸ ಮುಗಿಸಿ ಮುಚ್ಚುವಾಗ ಅದು ಪ್ರತಿ ಸಲವೂ ಕೇಳುತ್ತಿತ್ತು: ಹಳೆಯದನ್ನು ಹಾಗೇ ಇಡಲೋ, ಅದರ ಮೇಲೆಯೇ ಹೊಸದನ್ನು ಹಾಕಲೋ? “ಇದು ಸಂಭಾವಿತ ಐತಿ, ಕೇಳದ ಯಾರನ್ನೂ ಹೊರಗ ಹಾಕೂದಿಲ್ಲ,” ಎನ್ನುತ್ತಿದ್ದರು.

ನನಗೆ ಹೆಚ್ಚು ಕೆಲಸ ಕೊಟ್ಟವರು ಮದುಮಕ್ಕಳಲ್ಲ, ಸತ್ತವರು. ಈ ಸೀಮೆಯಲ್ಲಿ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೋ ತೆಗೆಸುವ ಮನೆಗಳಿವೆ. ಎಷ್ಟೋ ಜನರಿಗೆ ಅದೇ ಮೊದಲನೆಯ ಫೋಟೋ. ಆಮೇಲೆ ಅದನ್ನು ತಂದು, “ಕಣ್ಣ ತೆರಸಿ ಕೊಡ್ರಿ ಅಣ್ಣಾರ,” ಎನ್ನುತ್ತಾರೆ. ಮುಚ್ಚಿದ ಕಣ್ಣನ್ನು ಯಾವ ಸಾಫ್ಟ್‌ವೇರು ತೆರೆದೀತು? ಬೇರೆ ಯಾರದ್ದಾದರೂ ಕಣ್ಣು ತಂದು ಕೂರಿಸಬೇಕು. ಬದುಕಿರುವ ಗಿರಾಕಿಯ ಕಣ್ಣು ಸತ್ತವರಿಗೆ ಹಚ್ಚುವುದು ಅಪಶಕುನ ಎಂದು ದಾವಲಸಾಬರು ತಮ್ಮ ಕಣ್ಣುಗಳನ್ನೇ ಕೊಟ್ಟರು. ಮೊದಲು ಒಬ್ಬರಿಗೆ, ಆಮೇಲೆ ಎಲ್ಲರಿಗೂ. ಊರಿನ ಎಷ್ಟೋ ಗೋಡೆಗಳ ಮೇಲೆ, ಒಣಗಿದ ಹಾರದ ಹಿಂದಿನಿಂದ, ಇವತ್ತಿಗೂ ಅವರ ಕಣ್ಣುಗಳು ನೋಡುತ್ತಿವೆ. ಯಾರಾದರೂ ಊಟಕ್ಕೆ ಕರೆದರೆ ಅವರು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರಂತೆ. ಹೆಂಡತಿ ಮಾಬುಬಿ ಕೇಳಿದ್ದಕ್ಕೆ, “ತಲೀ ಎತ್ತಿದ್ರ ನನ್ನನ್ನ ನಾನ ನೋಡ್ತೀನಿ,” ಎಂದರಂತೆ.

ಕೆಲವರು ಇದ್ದವರನ್ನು ತೆಗೆಸಲು ಬರುತ್ತಿದ್ದರು. ಬಿಟ್ಟುಹೋದ ಅಳಿಯ, ಜಗಳವಾಡಿದ ಮೈದುನ, ಗುಂಪಿನ ಅಂಚಿನಲ್ಲಿ ಸುಮ್ಮನೆ ನಿಂತಿದ್ದ ಯಾರೋ ಹೆಂಗಸು. ತೆಗೆದು, ಆ ಜಾಗಕ್ಕೆ ಗೋಡೆ ಹಬ್ಬಿಸಿ ಕೊಟ್ಟರೆ ಕೆಲಸ ಮುಗಿಯಿತು ಎಂದು ಜನ ತಿಳಿಯುತ್ತಾರೆ. ನನಗೆ ಮುಗಿಯುವುದಿಲ್ಲ. ಗೋಡೆಯ ಪದರದ ಕೆಳಗೆ ಅವರು ಹಾಗೇ ನಿಂತಿರುತ್ತಾರೆ, ಕ್ಯಾಮೆರಾದ ಕಡೆ ನೋಡುತ್ತ, ನಗು ಅಂದಾಗ ನಕ್ಕಿದ್ದು ಹಾಗೇ ಇಟ್ಟುಕೊಂಡು. ಅಂಗಡಿಯಲ್ಲಿ ಯಾರೂ ಇಲ್ಲದೆ ನಾನು ಸುಮ್ಮನೆ ಹೊತ್ತಿಕೊಂಡು ಕೂತ ಮಧ್ಯಾಹ್ನಗಳಲ್ಲಿ ನನ್ನ ಫ್ಯಾನು ತಾನಾಗಿಯೇ ಜೋರಾಗುತ್ತಿತ್ತು. ಶೆಕೆಗೆ ಎಂದು ದಾವಲಸಾಬರು ತಿಳಿದರು. ಶೆಕೆಗಲ್ಲ.

ನನಗೆ ವಯಸ್ಸಾಯಿತು. ಅವರ ಮಗಳು ಶಮೀಮ ಕಾಲೇಜು ಮುಗಿಸಿ ಅಂಗಡಿ ಹಿಡಿದಳು. ಚುರುಕು ಹುಡುಗಿ, ಬಾಯೂ ಚುರುಕು. ಹೊಸ ಕಂಪ್ಯೂಟರು ಬಂತು, ಅದರೊಳಗೆ ಅದೇ ಸಾಫ್ಟ್‌ವೇರಿನ ಹೊಸ ಅವತಾರ ಬಂತು. ಪ್ರಿಂಟರ್ ಮಾತ್ರ ನನ್ನ ಪಕ್ಕದಲ್ಲೇ ಉಳಿಯಿತು. ನನಗೆ ನವಿಲಿನ ಹೊದಿಕೆ ಸಿಕ್ಕಿತು. ಹೊಸ ಅವತಾರಕ್ಕೆ ಏನೂ ಹೇಳಬೇಕಾಗಿಯೇ ಇರಲಿಲ್ಲ. ಫೋಟೋ ಹಾಕಿದ ತಕ್ಷಣ ತಾನೇ ಮುಖ ಹುಡುಕುತ್ತಿತ್ತು, ತಾನೇ ಮೊಡವೆ ಒರೆಸುತ್ತಿತ್ತು, ಸುಕ್ಕು ಬಿಡಿಸುತ್ತಿತ್ತು. ಮೊದಮೊದಲು ಊರೇ ಕುಣಿದಾಡಿತು. ಸ್ವಲ್ಪ ದಿನ ಹೋದ ಮೇಲೆ ಗೋಡೆಯ ಮೇಲಿನ ಮಾದರಿ ಫೋಟೋಗಳನ್ನು ನೋಡಿ ದಾವಲಸಾಬರು, “ಏನವಾ ಇದು, ಎಲ್ಲಾರೂ ಒಂದ ತಾಯಿ ಮಕ್ಕಳಾಗ್ಯಾರಲ್ಲ!” ಎಂದರು. ಶಮೀಮ ನಕ್ಕಳು.

ಹೊಸ ಅವತಾರ ಕೇಳುವುದನ್ನೂ ಬಿಟ್ಟಿತ್ತು. ತಿದ್ದಿದ್ದನ್ನು ಹಳೆಯದರ ಮೇಲೆ ತಾನೇ ಹಾಕಿ ಮುಚ್ಚುತ್ತಿತ್ತು.

ಹೀಗಿರುವಾಗ ಕಳಕವ್ವನ ತೀರಿಹೋದ ತಾಯಿ ದ್ಯಾಮವ್ವನ ಫೋಟೋ ಬಂತು. ದ್ಯಾಮವ್ವ ಮಗ್ಗದಲ್ಲಿ ಸೀರೆ ನೇಯ್ದು ಬಾಳಿದ ಹೆಂಗಸು. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಓಡುವವಳು. ಒಮ್ಮೆ ಮಾತ್ರ ಮಗ್ಗದ ಮೇಲೆ ಕೂತಿದ್ದಾಗ ಮೊಮ್ಮಗ ಮೊಬೈಲಿನಲ್ಲಿ ಹಿಡಿದಿದ್ದ. ಅದನ್ನು ಸ್ಟುಡಿಯೋಕ್ಕೆ ಕೊಟ್ಟ ಮೇಲೆ ಆ ಮೊಬೈಲು ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ಇತ್ತ ಶಮೀಮ ಫೋಟೋ ತೆರೆದಳು, ಸಾಫ್ಟ್‌ವೇರು ಮುಖ ತೊಳೆಯಿತು, ಮೊದಲಿನದರ ಮೇಲೆಯೇ ಇಟ್ಟಿತು. ತೊಳೆದದ್ದರಲ್ಲಿ ದ್ಯಾಮವ್ವನ ಗದ್ದದ ಹಚ್ಚೆಯೂ ಹೋಯಿತು. ಹಸಿರು ಚುಕ್ಕೆಗಳು ಅದಕ್ಕೆ ಕೊಳೆ ಅನ್ನಿಸಿದವು.

ಈಗ ಮೊದಲಿನ ಮಾತಿಗೆ ಬರುತ್ತೇನೆ.

“ನಮ್ಮವ್ವ ಅಂತಿದ್ಲು,” ಎಂದಳು ಕಳಕವ್ವ. “ಸತ್ತಾಗ ಮೂಗುತಿ ಬಿಚ್ಚತಾರ, ಬೆಂಡವಾಲಿ ಬಿಚ್ಚತಾರ. ನನ್ನ ಕೂಡ ಬರೂದು ಈ ಹಚ್ಚಿ ಒಂದ, ಇದನ್ನ ಯಾರೂ ಕಸಗೊಳ್ಳಾಕ ಆಗೂದಿಲ್ಲ ಅಂತ. ನೀವು ಕಸಗೊಂಡ್ರಲ್ಲ!”

ದಾವಲಸಾಬರು ಚೌಕಟ್ಟನ್ನು ತಿರುಗಿಸಿ ನೋಡಿದರು.

“ಫೋಟೋ ಮನಿಗೆ ಒಯ್ದಾಗಿಂದ ಕನಸಿನ್ಯಾಗ ಬರ್ತಾಳ. ಬಾಗಿಲ ಹೊಚ್ಚಲದಾಗ ನಿಂದರತಾಳ, ಒಳಗ ಬಾ ಅಂದ್ರ ಬರೂದಿಲ್ಲ. ಗದ್ದಕ್ಕ ಸೆರಗ ಅಡ್ಡ ಹಿಡಕೊಂಡಿರ್ತಾಳಣ್ಣ. ನಾಳಿ ಅಕೀ ವರ್ಷದ ದಿನ. ಈ ಫೋಟೋಕ್ಕ ನಾ ಹೆಂಗ ಎಡಿ ಹಿಡೀಲಿ?”

ಶಮೀಮಳ ಮುಖ ಸಪ್ಪಗಾಯಿತು. “ಅಕ್ಕಾ, ಹಚ್ಚಿ ಹೆಂಗಿತ್ತು ಹೇಳ್ರಿ. ಈಗ ಇಡ್ತೀನಿ.”

“ನಡುವ ಒಂದು ಚುಕ್ಕಿ. ಅದರ ಆಜೂ ಬಾಜೂ…” ಕಳಕವ್ವ ನಿಂತಳು. “ಎರಡೆರಡು… ಅಲ್ಲ, ಕೆಳಗ ಒಂದು ಗೀಟ ಇತ್ತೇನೋ.” ಅವಳ ಕೈ ತನ್ನ ಗದ್ದದ ಮೇಲೆ ಓಡಾಡಿತು. ಅಲ್ಲಿ ಏನೂ ಇರಲಿಲ್ಲ. ಅವಳ ಕಾಲಕ್ಕೆ ಹಚ್ಚೆ ನಿಂತುಹೋಗಿತ್ತು. “ದಿನಾ ನೋಡಿದ ಮಾರಿ ಅದು! ಈ ಫೋಟೋ ನೋಡಿ ನೋಡಿ ನನಗೂ ಅಳಿಸೇತಿ. ಕಣ್ಣು ಮುಚ್ಚಿದ್ರ ಇಕೀನ ಕಾಣ್ತಾಳ.”

ನನಗೆ ಭಯವಾಯಿತು. ಯಂತ್ರಕ್ಕೆಂಥ ಭಯ ಎನ್ನಬೇಡಿ. ಫೋಟೋದಿಂದ ಅಳಿಸಿದ್ದು ಪದರದ ಕೆಳಗಾದರೂ ನಿಂತಿರುತ್ತದೆ ಎಂದು ನಂಬಿದ್ದವನು ನಾನು. ಇಲ್ಲಿ ಅಳಿಸುವಿಕೆ ಗಾಜು ದಾಟಿ ಹೊರಗೆ ಬಂದು ಮಗಳ ತಲೆಯೊಳಗೆ ಕೈ ಹಾಕಿತ್ತು. ನನ್ನೊಳಗಿದ್ದವರನ್ನೆಲ್ಲ ಒಮ್ಮೆ ಹುಡುಕಿದೆ. ಊರಿನ ಸತ್ತವರೆಲ್ಲ ಇದ್ದರು, ದ್ಯಾಮವ್ವ ಒಬ್ಬಳೇ ಇರಲಿಲ್ಲ.

ಶಮೀಮ ಅಂದಾಜಿನಲ್ಲಿ ಚುಕ್ಕೆ ಇಟ್ಟು ನೋಡಿದಳು. ಉಳಿಸಿದ ಕೂಡಲೇ ಸಾಫ್ಟ್‌ವೇರು ಮತ್ತೆ ಮುಖ ಹುಡುಕಿ ಮತ್ತೆ ತೊಳೆಯಿತು. ಮತ್ತೆ ಇಟ್ಟಳು, ಮತ್ತೆ ತೊಳೆಯಿತು. “ಅಬ್ಬಾ, ಇದನ್ನ ನಿಲ್ಲಸೂ ಗುಂಡಿ ಮೊದಲ ಇಲ್ಲೇ ಇತ್ತು. ಮೊನ್ನೆ ಅಪ್‌ಡೇಟ್ ಆಗಿ ಎಲ್ಲಿಟ್ಟಾರೋ ಸಿಗವಲ್ದು!” ಅವಳ ಧ್ವನಿ ಅಳುವಿನ ಅಂಚಿಗೆ ಬಂದಿತ್ತು. ಇಂಥ ಸಾಫ್ಟ್‌ವೇರನ್ನು ಎಲ್ಲೋ ಕೂತು ಮಾಡುವವರಿಗೆ ನನ್ನ ಮಾತು ಮುಟ್ಟುವುದಾದರೆ ಒಂದೇ ಕೇಳಿಕೊಳ್ಳುತ್ತಿದ್ದೆ: ಒರೆಸುವ ಮೊದಲು, ಇದು ಹೊಲಸೋ ಗುರುತೋ ಎಂದು ಮನೆಯವರನ್ನು ಒಂದು ಮಾತು ಕೇಳಲು ಅದಕ್ಕೆ ಕಲಿಸಿ. ಅಷ್ಟು ಸಾಕು.

“ಕಳಕವ್ವ, ನಿಮ್ಮ ಚಿಗವ್ವ ಬಂದಾಳೇನು ಊರಿಗೆ?” ದಾವಲಸಾಬರು ಥಟ್ಟನೆ ಕೇಳಿದರು. “ಅಕ್ಕ ತಂಗಿ ಇಬ್ಬರೂ ಒಂದ ದಿನ, ಒಂದ ಕೊರವಂಜಿ ಕಡೆ ಹಚ್ಚಿ ಹಾಕಿಸಿಕೊಂಡಾರಂತ ನಿಮ್ಮವ್ವ ಹೇಳ್ತಿದ್ಲಲ್ಲ?”

ಕಳಕವ್ವ ಚಪ್ಪಲಿ ಮೆಟ್ಟದೆ ಓಡಿದಳು.

ಅವಳ ಚಿಗವ್ವ ಫಕೀರವ್ವ ಬರುವಷ್ಟರಲ್ಲಿ ದಾವಲಸಾಬರು ನನ್ನ ಮೇಲಿನ ನವಿಲುಗಳನ್ನು ಎಳೆದು ಹಾಕಿದ್ದರು. “ಹೊಸಾದು ಹೇಳಿದ್ದು ಕೇಳೂದಿಲ್ಲ. ಹಳೇದು ಕೇಳತೈತಿ.” ನಾನು ನರಳಿಕೊಂಡೇ ಎದ್ದೆ. ಫ್ಯಾನಿನಿಂದ ಧೂಳು ಹಾರಿ ಶಮೀಮ ಸೀನಿದಳು. ತೊಳೆದ ದ್ಯಾಮವ್ವನನ್ನು ಪೆನ್‌ಡ್ರೈವಿನಲ್ಲಿ ನನ್ನೊಳಗೆ ಇಳಿಸಿದರು. ಮೊದಲ ಸಲ ಅವಳನ್ನು ನೋಡಿದೆ. ನುಣುಪಾದ, ಯಾರ ತಾಯಿಯೂ ಅಲ್ಲದ ಮುಖ.

ಫಕೀರವ್ವನಿಗೆ ಹಲ್ಲಿರಲಿಲ್ಲ, ಮಾತಿತ್ತು. “ಆ ಕೊರವಂಜಿ ನಮ್ಮಿಬ್ಬರಿಗೂ ಒಂದ ನಮೂನಿ ಚುಚ್ಚಿದ್ಲಪ್ಪ. ಜಾತ್ರಿಯೊಳಗ ತಪ್ಪಿಸಿಕೊಂಡ್ರ ಗುರುತು ಹತ್ತಲಿ ಅಂತ. ನಾ ಅತ್ತೆ, ಅಕ್ಕ ಅಳಲಿಲ್ಲ.” ಸ್ಟೂಲಿನ ಮೇಲೆ ಕೂತು ಗದ್ದ ಎತ್ತಿದಳು. ನಡುವೆ ಒಂದು ಚುಕ್ಕೆ, ಎರಡೂ ಕಡೆ ಎರಡೆರಡು, ಕೆಳಗೆ ಅರ್ಧಚಂದ್ರದ ಹಾಗೆ ಒಂದು ಗೆರೆ. ಕಳಕವ್ವ ಬಾಯಿಗೆ ಕೈ ಅಡ್ಡ ಹಿಡಿದಳು.

ಕ್ಯಾಮೆರಾ ಮಿಂಚಿತು. ಮಿಂಚಿದ ಮೇಲೆ ಮುದುಕಿಗೆ ಅನುಮಾನ ಬಂತು.

“ನನ್ನ ಹಚ್ಚಿ ಅಕ್ಕಗ ಕೊಟ್ರ, ನನಗ ಉಳಿತೈತಿಲ್ಲೋ ತಮ್ಮಾ? ಮ್ಯಾಲ ಹೋಗೂ ಮುಂದ ನನಗೂ ಬೇಕಲ್ಲ.”

“ಉಳಿತೈತಿ ಯವ್ವಾ. ದೀಪದಿಂದ ದೀಪ ಹಚ್ಚಿದಂಗ ಇದು.”

“ಕಣ್ಣೂ ಹಂಗ ಹಂಚೀದಿ ನೀನು. ಈಗ ನಿನಗ ಚಾಳೀಸ ಕನ್ನಡಕ ಬಂದೇತಿ ನೋಡು,” ಎಂದಳು ಫಕೀರವ್ವ. ಯಾರೂ ನಗಲಿಲ್ಲ. ಅವಳು ಸೆರಗನ್ನು ಗದ್ದಕ್ಕೆ ಅಡ್ಡ ಹಿಡಿದು ಗೋಡೆಗೆ ಒರಗಿ ಕೂತಳು.

ದಾವಲಸಾಬರ ಬೆರಳಿಗೆ ನನ್ನ ಬಾಗಿಲುಗಳು ಮರೆತಿರಲಿಲ್ಲ. ತಂಗಿಯ ಗದ್ದದಿಂದ ಹಸಿರನ್ನು ಎತ್ತಿ ಅಕ್ಕನ ಗದ್ದದ ಮೇಲೆ ತಂದು ಕೂರಿಸಿದರು. ನಡುವೆ ಒಮ್ಮೆ ಸಾಫ್ಟ್‌ವೇರು ನಿಂತಿತು. ಪರದೆ ಬಿಳಿಚಿತು, ಚಕ್ರ ಸುತ್ತಿತು. ನಾಲ್ವರೂ ನನ್ನನ್ನೇ ನೋಡುತ್ತಿದ್ದರು. ನನ್ನೊಳಗೆ ಗೋಡೆಯ ಹಿಂದೆ ನಿಂತವರೂ, ಅಳಿಯನೂ ಮೈದುನನೂ ಆ ಹೆಸರಿಲ್ಲದ ಹೆಂಗಸೂ, ಅದೇ ಕಡೆ ತಿರುಗಿದ ಹಾಗೆ ನನಗೆ ಅನ್ನಿಸಿತು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಉಸಿರೆಳೆದೆ. ಚಕ್ರ ಮಾಯವಾಯಿತು. ಹಚ್ಚೆ ಇದ್ದಲ್ಲೇ ಇತ್ತು.

“ಹೌದು,” ಎಂದಳು ಕಳಕವ್ವ. “ಹೌದು, ಈಗ ಬಂದ್ಲು.”

ಮುಚ್ಚುವ ಮೊದಲು ನನ್ನ ಪರದೆಯ ಮೇಲೆ ಆ ಹಳೆಯ ಪ್ರಶ್ನೆ ಮೂಡಿತು.

“ಏನಂತೈತಣ್ಣ ಅದು?”

“ಮೊದಲಿಂದೂ ಇಟ್ಟುಕೊಳ್ಳಲೋ, ಅಳಸಲೋ ಅಂತ ಕೇಳತೈತಿ.”

ಕಳಕವ್ವ ಕೌಂಟರಿನ ಮೇಲಿದ್ದ ಚೌಕಟ್ಟಿನ ನುಣುಪು ಮುಖವನ್ನು ಇನ್ನೊಮ್ಮೆ ನೋಡಿದಳು. “ಇಟ್ಟುಕೋ ಅನ್ರಿ. ಅಕಿ ಯಾರೋ ಏನೋ ಪಾಪ, ಅಕಿನ್ಯಾಕ ಹೊರಗ ಹಾಕೂದು.”

ಹಾಗಾಗಿ ಅವಳೂ ನನ್ನೊಳಗೇ ಇದ್ದಾಳೆ, ಉಳಿದವರ ಜೊತೆ. ನನ್ನಂಥ ಮುದಿ ಯಂತ್ರ ಇನ್ನು ಯಾತಕ್ಕೆ ಎಂದು ಆಗಾಗ ಅನ್ನಿಸುತ್ತದೆ. ಬಹುಶಃ ಇದಕ್ಕೇ, ಹೊರಗೆ ಜಾಗವಿಲ್ಲದವರಿಗೆ ಒಂದು ಮೂಲೆ ಎಂದು.

ಪ್ರಿಂಟು ಹೊರಗೆ ಬಂತು. ಕಳಕವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಮೇಲೆ ಮಾಡಿಕೊಂಡು ಹೊರಟಳು.

“ಚಿಗವ್ವಾ, ಬಾ.”

“ನಡಿ ನೀನು, ಬಂದೆ.”

ಅಷ್ಟರಲ್ಲಿ ಕರೆಂಟು ಹೋಯಿತು. ನನ್ನ ಗಾಜು ಕಪ್ಪಾಯಿತು. ಫಕೀರವ್ವ ಎದ್ದು ನನ್ನ ಮುಂದೆ ಬಂದು ಬಾಗಿದಳು. ಗಾಜಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಒಳಗೆ ಕಂಡ ಮುದುಕಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ತನ್ನ ಹಚ್ಚೆ ಉಳಿದಿದೆಯೇ ಎಂದು ನೋಡುವವಳ ಹಾಗೆ, ಗದ್ದಕ್ಕೆ ಅಡ್ಡ ಹಿಡಿದಿದ್ದ ಸೆರಗನ್ನು ಮೆಲ್ಲಗೆ ಕೆಳಗಿಳಿಸಿದಳು.