ಸುಣ್ಣದ ಗೆರೆಯ ಮನೆ

"ಇದು ಬಾಗಲಾ. ಇಲ್ಲಿಂದ ಒಳಗ ಬರ್ರಿ ಅವ್ವಾರ," ಎಂದರು ಎಂಜಿನಿಯರ್ ಕಾಶಪ್ಪ. ಗೋರೆಗಾಂವ್ ಸ್ಟೇಷನ್ನಿನಾಚೆಯ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಎಳೆದ ಮನೆಯೊಳಗೆ ದಾನವ್ವ ಸೆರಗು ಬಿಗಿದುಕೊಂಡು ಕಾಲಿಟ್ಟಳು. ಗೋಡೆಯಿರಲಿಲ್ಲ, ಸೂರಿರಲಿಲ್ಲ, ಆದರೂ ಉಸಿರು ಕಟ್ಟಿದಂತಾಯಿತು.

ದಾದರಿನಲ್ಲಿ ಒಂದೇ ಗ್ಯಾಲರಿಗೆ ಬಾಗಿಲು ತೆರೆಯುವ ಖೋಲಿಗಳ ಅವರ ಚಾಳ್ ರಸ್ತೆ ಅಗಲಿಸುವುದಕ್ಕಾಗಿ ಬೀಳುವುದಿತ್ತು. ಅಲ್ಲಿದ್ದವರಿಗೆಲ್ಲ ಇಲ್ಲಿ ಹೊಸ ಕಾಲನಿ. ಕಾಗದದ ನಕ್ಷೆ ತೋರಿಸಿದರೆ ಯಾರಿಗೂ ತಿಳಿಯದೆಂದು ಧಾರವಾಡ ಕಡೆಯ ಈ ಕಾಶಪ್ಪ ನೆಲದ ಮೇಲೆಯೇ ಮನೆಗಳನ್ನು ಬರೆಸಿ, ಚಾಳಿನ ಹೆಂಗಸರನ್ನು ಲೋಕಲ್ ರೈಲಿನಲ್ಲಿ ಕರೆತಂದಿದ್ದರು. ಕಟ್ಟುವ ಮೊದಲು ಇರುವವರನ್ನು ಕೇಳಬೇಕೆಂಬುದು ಅವರ ಹಟ.

"ಮುಂದ ಈ ಊರಾಗ ಮಂದಿ ಎರಡು ಪಟ್ಟು ಆಗ್ತಾರ. ಈಗಿಂದನ ವಿಚಾರ ಮಾಡಬೇಕು. ಅತ್ತ ಬಸ್ಸಿನ ರಸ್ತೆ, ನಡುವ ಗಿಡ, ತ್ವಾಟ. ಒಂದು ಮೆಟ್ಟಿಲಿಗೆ ಎರಡ ಮನಿ. ಬಾಗಲಾ ಹಾಕ್ಕೊಂಡ್ರ ಯಾರ ಕಾಟಾನೂ ಇಲ್ಲ."

ಸ್ವಂತ ನಳ, ಸ್ವಂತ ಸಂಡಾಸು ಎಂದು ಹೆಂಗಸರು ಗೆರೆಯಿಂದ ಗೆರೆಗೆ ಓಡಾಡಿದರು. ಪಕ್ಕದ ಖೋಲಿಯ ರಾಜೀವಿ, ಉಡುಪಿ ಹೋಟೆಲಿನ ಅಡಿಗೆಯವನ ಹೆಂಡತಿ, ಮಾತ್ರ ದಾನವ್ವನ ಮುಖ ನೋಡಿದಳು.

ರಾಜೀವಿಗಷ್ಟೇ ಗೊತ್ತಿತ್ತು. ದಾನವ್ವನ ಮಗಳು ಚಂಪಾಳಿಗೆ ಮೂರ್ಛೆ ಬರುತ್ತಿತ್ತು. ದಾನವ್ವ ಬೆಳಗ್ಗೆ ಮಾರ್ಕೆಟ್ಟಿಗೆ ಸೊಪ್ಪು ಮಾರಲು ಹೋದರೆ, ತೆರೆದ ಬಾಗಿಲಿನಿಂದ ಹುಡುಗಿಯ ಮೇಲೆ ಕಣ್ಣಿಡುವವಳು ರಾಜೀವಿ. ಒಮ್ಮೆ ಉರಿಯುವ ಸಿಗಡಿ ಒಲೆಯ ಪಕ್ಕದಿಂದ ಅವಳನ್ನು ಎಳೆದುಕೊಂಡವಳೂ ಅವಳೇ. ಚಾಳಿನ ಆ ತುದಿಯ ಗಂಗುಬಾಯಿ ತನ್ನ ತಮ್ಮನ ಮಗನಿಗೆ ಚಂಪಾಳನ್ನು ಕೇಳಿದ್ದಳು. ಮಾತು ಅರ್ಧಕ್ಕೆ ಬಂದಿತ್ತು; ಮೂರ್ಛೆಯ ಸುದ್ದಿ ತಿಳಿದರೆ ಅಲ್ಲಿಗೇ ಮುರಿಯುತ್ತಿತ್ತು.

"ಸಾಹೇಬ್ರ," ದಾನವ್ವ ಗೆರೆ ದಾಟಿ ಮುಂದೆ ಬಂದಳು, "ಎಲ್ಲಾ ಬಾಗಲಾ ಒಂದ ಗ್ಯಾಲರಿಗೆ ಬರೂಹಂಗ ಕಟ್ಟಾಕ ಬರಂಗಿಲ್ಲೇನ್ರಿ?"

"ಮತ್ತ ಚಾಳಾ?" ಗಂಗುಬಾಯಿ ನಕ್ಕಳು. "ಇಷ್ಟು ಚಂದ ಮಾಡ್ಯಾರ. ನಿನಗೇನಾತ?"

ಕಾಶಪ್ಪ ನಗಲಿಲ್ಲ. "ಗ್ಯಾಲರಿ ಬ್ಯಾಡಂತ ಎಲ್ಲಾರೂ ಅಂತಾರ. ನಿಮಗ ಯಾಕ ಬೇಕು? ಕಾರಣ ಹೇಳ್ರಿ, ನಾ ಮ್ಯಾಲಿನವರಿಗೆ ಹೇಳಬೇಕು."

ಹೆಂಗಸರೆಲ್ಲ ತಿರುಗಿ ನೋಡಿದರು. ದೂರದಲ್ಲಿ, ಮುಂದೆ ತೋಟವಾಗಬೇಕಿದ್ದ ಜಾಗದಲ್ಲಿ, ಚಂಪಾ ಜಡೆಯ ತುದಿ ಹಿಡಿದು ಕಲ್ಲಾಗಿ ನಿಂತಿದ್ದಳು. ತನ್ನ ಮೂರ್ಛೆಯ ಮಾತೇ ಅವ್ವನ ಬಾಯಿಂದ ಬಂದೀತೆಂದು ಅವಳು ಅಂಜಿದ್ದಳು.

"ನನಗ ಮೂರ್ಛಿ ಬರ್ತೈತ್ರಿ," ಎಂದಳು ದಾನವ್ವ.

ಗಂಗುಬಾಯಿಯೇ ಕೇಳಿದಳು: "ಯಾವಾಗಿಂದ?"

"ಹ್ವಾದ ಮಳಿಗಾಲದಾಗ ನಳದ ಹಂತೇಲಿ ಜಾರಿ ಬಿದ್ದಿದ್ನಲ್ಲ, ತಲಿಗೆ ಪೆಟ್ಟಾತು. ಅವಾಗಿಂದ. ಮಾರ್ಕೆಟ್ಟಿನ್ಯಾಗಾದ್ರ ನಾಕು ಮಂದಿ ಇರ್ತಾರ. ಬಾಗಲಾ ಹಾಕಿದ ಮನ್ಯಾಗ ಬಿದ್ರ ಯಾರಿಗೆ ತಿಳೀಬೇಕ್ರಿ?"

ಗಂಗುಬಾಯಿಯ ನೋಟ ದಾನವ್ವನನ್ನು ಬಿಟ್ಟು ಚಂಪಾಳ ಕಡೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

ಕಾಶಪ್ಪ ಬೂಟಿನಿಂದ ಬಾಗಿಲಿನ ಗೆರೆ ಅಳಿಸಿದರು. ತಾವೇ ಒಂದು ಹಿಡಿ ಸುಣ್ಣ ತೆಗೆದುಕೊಂಡು ನಾಲ್ಕು ಮನೆಗಳ ಮುಂದೆ ಉದ್ದಕ್ಕೆ ಒಂದೇ ಗೆರೆ ಬಿಡುತ್ತ ಹೋದರು. "ಒಂದು ಬಿಲ್ಡಿಂಗ್ ಹಿಂಗ ಕಟ್ಟಾಕ ಕೇಳ್ತೀನಿ. ಮಾತು ಕೊಡಾಕ ಆಗಂಗಿಲ್ಲ. ಗ್ಯಾಲರಿಗೆ ಜಾಗಾ ಹ್ವಾದ್ರ ಬಚ್ಚಲಾ ಎಲ್ಲಾರಿಗೂ ಕೂಡೇ ಇರ್ತಾವ. ಅದರಾಗ ಯಾರ್ಯಾರು ಇರ್ತೀರಿ?"

ಹೆಂಗಸರು ತಂತಮ್ಮ ಗೆರೆಯೊಳಗೇ ನಿಂತರು. ಸ್ವಂತ ಬಚ್ಚಲಿಗಾಗಿ ವರ್ಷಗಟ್ಟಲೆ ಆಸೆಪಟ್ಟಿದ್ದ ರಾಜೀವಿ ಬಚ್ಚಲಿಗೆಂದು ಎಳೆದಿದ್ದ ಚೌಕವನ್ನೊಮ್ಮೆ ನೋಡಿ, ದಾಟಿ ಬಂದಳು.

"ನಮ್ಮದು ಇವಳ ಪಕ್ಕವೇ ಬರೀರಿ. ಎಂತ ಮಾಡುದು, ನನಗೆ ಬಾಗಿಲು ಹಾಕಿ ಕೂತು ಅಭ್ಯಾಸ ಇಲ್ಲ."

ಹಿಂದಿರುಗುವಾಗ ಲೋಕಲ್ಲಿನಲ್ಲಿ ದಾನವ್ವನಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು. ಗಂಗುಬಾಯಿ "ಕುಂಡ್ರವ್ವಾ" ಎಂದಳೇ ಹೊರತು ತಮ್ಮನ ಮಗನ ಸುದ್ದಿ ಎತ್ತಲಿಲ್ಲ. ದಾನವ್ವ ಎರಡು ಸಲ ಅವಳ ಮುಖ ನೋಡಿ ಕಣ್ಣು ಕೆಳಗಿಳಿಸಿದಳು.

ಸಾಂತಾಕ್ರೂಜಿನಲ್ಲಿ ಜನ ನುಗ್ಗಿದರು. ಚಂಪಾ ಥಟ್ಟನೆ ಎದ್ದಳು.

"ಜರಾ ಹವಾ ಆನೇ ದೋ," ಗಾಳಿ ಬರಲು ಬಿಡಿರೆಂದು ಹಿಂದಿಯಲ್ಲಿ ಗಟ್ಟಿಯಾಗಿ ಅಂದಳು, ಮತ್ತೆ ತಮ್ಮವರ ಕಡೆ ತಿರುಗಿ, "ನಮ್ಮವ್ವಗ ಆರಾಮಿಲ್ಲ."

ಏನೂ ಆಗಿರದ ದಾನವ್ವ ಕಣ್ಣು ಮುಚ್ಚಿ ಕಿಟಕಿಗೆ ಒರಗಿದಳು. ಚಂಪಾ ಮೇಲಿನ ಹಿಡಿಕೆ ಹಿಡಿದು, ತೂಗುವ ಡಬ್ಬಿಯಲ್ಲಿ ಕಾಲು ಅಗಲಿಸಿ, ಗದ್ದಲಕ್ಕೆ ಬೆನ್ನುಕೊಟ್ಟು ಅವ್ವನಿಗೆ ಅಡ್ಡ ನಿಂತಳು.